ಗ್ಲಾಕೋಮಾ ಆಪರೇಷನ್ ಆದ ಮೇಲೆ ಒತ್ತಡ 4: ಲೇಸರ್ ಬೇಕಾ?

ಅಮ್ಮನಿಗೆ ಟ್ರ್ಯಾಬೆಕ್ಯುಲೆಕ್ಟಮಿ (ಕಣ್ಣಿನೊಳಗಿನ ನೀರು ಹೊರಹೋಗಲು ದಾರಿ ಮಾಡುವ ಗ್ಲಾಕೋಮಾ ಆಪರೇಷನ್) ಆಗಿ ಎರಡು ತಿಂಗಳಾದರೂ ಕಣ್ಣಿನ ಒತ್ತಡ 4ರಲ್ಲೇ ಇದೆ, ನೋಟ ಮಂಜು, ಲೇಸರ್ ಮಾಡಿಸಿದರೆ ಏರುತ್ತಾ ಎಂದು ಕೇಳಿದ್ದೀರಿ. ಏರಬಹುದು. ಆದರೆ ಒತ್ತಡ ಯಾಕೆ ಇಳಿದಿದೆ ಅಂತ ಮೊದಲು ಗೊತ್ತಾಗಬೇಕು.

ಸಾಮಾನ್ಯವಾಗಿ ಒತ್ತಡ 10ರಿಂದ 21 mmHg ಒಳಗಿರುತ್ತದೆ. ತುಂಬಾ ಇಳಿದರೆ ಕಣ್ಣುಗುಡ್ಡೆಯ ಬಿಗಿ ಹೋಗಿ ಒಳಗಿನ ರೆಟಿನಾ ಸುಕ್ಕುಗಟ್ಟಬಹುದು. ಮಂಜಿಗೆ ಅದೂ ಕಾರಣ ಇರಬಹುದು. ಓಸಿಟಿ (ರೆಟಿನಾದ ಪದರಗಳನ್ನು ತೋರಿಸುವ) ಸ್ಕ್ಯಾನ್ ಮಾಡಿಸಿದರೆ ಸುಕ್ಕು ಕಾಣುತ್ತದೆ.

ಆಪರೇಷನ್ ಆದ ಜಾಗದಿಂದ ನೀರು ಸೋರುತ್ತಿದೆಯಾ ಅಂತ ನೋಡುವ ಪರೀಕ್ಷೆ ಆಗಿದೆಯಾ ಕೇಳಿ. ಕಣ್ಣಿಗೆ ಫ್ಲೋರೆಸೀನ್ ಬಣ್ಣ ಹಚ್ಚಿ ನೀಲಿ ಬೆಳಕಲ್ಲಿ ನೋಡುತ್ತಾರೆ. ಸೋರುತ್ತಿದ್ದರೆ ಅಲ್ಲಿಂದ ಸಣ್ಣ ಹೊಳೆಯ ಹಾಗೆ ಹಸಿರು ಇಳಿಯುತ್ತದೆ. ಅದಕ್ಕೆ ದೊಡ್ಡ ಬ್ಯಾಂಡೇಜ್ ಲೆನ್ಸ್ ಅಥವಾ ಹೊಲಿಗೆ ಬೇಕಾಗಬಹುದು.

ಕಣ್ಣಿನೊಳಗೆ ಸಿಲಿಯರಿ ಬಾಡಿ (ಕಣ್ಣಿನ ನೀರು ತಯಾರಿಸುವ ಭಾಗ) ಬಿಟ್ಟುಕೊಂಡು ಸಣ್ಣ ಸೀಳು ಆಗಿ, ನೀರು ಅಲ್ಲಿಂದ ಹೋಗುತ್ತಿದ್ದರೆ ಆರ್ಗಾನ್ ಲೇಸರ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಇಂಥ ಸೀಳು ಅಪರೂಪ. ಗೋನಿಯೋಸ್ಕೋಪಿಯಲ್ಲಿ (ವಿಶೇಷ ಲೆನ್ಸ್ ಇಟ್ಟು ಕಣ್ಣಿನ ಕೋನ ನೋಡುವ ಪರೀಕ್ಷೆ) ಹುಡುಕಬೇಕು. ಸೀಳು ಮುಚ್ಚಿದ ಮೇಲೆ ಒತ್ತಡ ದಿಢೀರನೆ ಏರಬಹುದು. ಜೋರು ನೋವು, ವಾಂತಿ ಬಂದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.

ಆಪರೇಷನ್‌ನ ದಾರಿಯಲ್ಲೇ ನೀರು ಜಾಸ್ತಿ ಹರಿದು ಹೋಗುತ್ತಿರುವುದೇ ಕಾರಣವಾದರೆ? ಬ್ಲೆಬ್ (ಆ ನೀರು ಸೇರುವ ಉಬ್ಬು) ಮೇಲೂ ಲೇಸರ್ ಮಾಡುತ್ತಾರೆ, ಆದರೆ ಫಲ ಒಂದೇ ಥರ ಇರುವುದಿಲ್ಲ. ನನ್ನ ಕೇಳಿದರೆ, ನೋಟ ಮಂಜಾಗಿರುವಾಗ ಫ್ಲಾಪ್‌ಗೆ (ಆ ದಾರಿಯ ಮೇಲಿನ ಮುಚ್ಚಳಕ್ಕೆ) ಮತ್ತೆ ಹೊಲಿಗೆ ಹಾಕುವ ಬಗ್ಗೆಯೂ ಈಗಲೇ ಮಾತಾಡಿ. ಸುಕ್ಕು ಬಹಳ ದಿನ ಉಳಿದರೆ ನೋಟ ಪೂರ್ತಿ ವಾಪಸ್ ಬರದೇ ಇರಬಹುದು.

ಅಂದಹಾಗೆ, ಫ್ಲಾಪ್‌ನ ಹೊಲಿಗೆ ಕತ್ತರಿಸುವ ಲೇಸರ್ ಒಂದಿದೆ. ಅದು ಒತ್ತಡ ಇಳಿಸುವುದಕ್ಕೆ, ನಿಮಗೆ ಬೇಕಿರುವುದಕ್ಕೆ ಉಲ್ಟಾ. ಸ್ಟೀರಾಯ್ಡ್ ಡ್ರಾಪ್ಸ್ ಕಡಿಮೆ ಮಾಡಬೇಕಾ ಅಂತಲೂ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ.