ಗ್ರಾಫಿಕ್ಸ್ ಕಾರ್ಡ್ ಆಮೇಲೆ, ಮೊದಲು ನಿಮ್ಮ ಫುಟೇಜ್ ಯಾವುದು ಹೇಳಿ

ಈ ಸಲ ಬಂದ ಪ್ರಶ್ನೆಗಳನ್ನು ಓದುತ್ತಾ ಹೋದಂತೆ ಹೋದ ಸಲದ ಕಟ್ಟನ್ನೇ ಯಾರೋ ಮತ್ತೆ ತಂದಿಟ್ಟರಾ ಅನ್ನಿಸಿತು. ಬರೆದವರು ಬೇರೆ, ಪ್ರಶ್ನೆ ಅದೇ. ಅದಕ್ಕೆ ಈ ಸಲ ಆ ಒಂದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ರ‍್ಯಾಮ್ ಎಂದರೇನು, ಮದರ್‌ಬೋರ್ಡ್ ಎಂದರೇನು ಎಂದು ಹೇಳುತ್ತಾ ಕೂರುವುದಿಲ್ಲ. ಅದು ಗೊತ್ತಿಲ್ಲದೆ ಯಾರೂ ಅಸೆಂಬಲ್ ಮಾಡಿಸಲು ಹೊರಡುವುದಿಲ್ಲ.

ಪ್ರಶ್ನೆ: ಕಡಿಮೆ ಬಜೆಟ್‌ನಲ್ಲಿ ವಿಡಿಯೊ ಎಡಿಟಿಂಗ್‌ಗೆ ಕಂಪ್ಯೂಟರ್ ಅಸೆಂಬಲ್ ಮಾಡಿಸಬೇಕು. ಅರ್ಧ ದುಡ್ಡು ಗ್ರಾಫಿಕ್ಸ್ ಕಾರ್ಡ್‌ಗೇ ಹಾಕಿ, ಉಳಿದದ್ದರಲ್ಲಿ ಮಿಕ್ಕ ಸಾಮಾನು ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಸರಿನಾ? ಈಗಿರುವ ಕಂಪ್ಯೂಟರ್‌ನಲ್ಲಿ 4ಕೆ ಕ್ಲಿಪ್ ಟೈಮ್‌ಲೈನ್‌ಗೆ ಹಾಕಿದರೆ ತಡೆದು ತಡೆದು ಓಡುತ್ತದೆ.

ಸರಿ ಅಲ್ಲ. ಹಾಗೆ ಹೇಳುವ ‘ಎಲ್ಲರೂ’ ಗೇಮ್ ಆಡುವವರು. ಗೇಮ್‌ಗೆ ಆ ಲೆಕ್ಕ ಸರಿ. ನಿಮ್ಮ ಕ್ಲಿಪ್ ತಡೆಯುತ್ತಿರುವುದು ಬೇರೆ ಕಾರಣಕ್ಕೆ.

ಮೊಬೈಲ್, ಕ್ಯಾಮೆರಾ, ಡ್ರೋನ್ ಎಲ್ಲವೂ ಈಗ ಹೆಚ್ಚಾಗಿ ಎಚ್.264 ಅಥವಾ ಎಚ್.265 ಎಂಬ ವಿಡಿಯೊ ಫಾರ್ಮ್ಯಾಟ್‌ನಲ್ಲಿ ರೆಕಾರ್ಡ್ ಮಾಡುತ್ತವೆ. ಮೊದಲನೆಯದು ಬಂದದ್ದು 2003ರಲ್ಲಿ, ಎರಡನೆಯದು 2013ರಲ್ಲಿ. ಎರಡನ್ನೂ ಮಾಡಿದ್ದು ವಿಡಿಯೊವನ್ನು ಚಿಕ್ಕದಾಗಿ ಇಡಲು, ಕಳಿಸಲು, ನೋಡಲು. ಕತ್ತರಿಸಲು ಅಲ್ಲ. ಹಳೆಯ ಲೆಕ್ಕದ ಪುಸ್ತಕ ನೋಡಿದ್ದೀರಲ್ಲ? ಮೊದಲ ಸಾಲಿನಲ್ಲಿ ಪೂರ್ತಿ ವಿವರ ಇರುತ್ತದೆ. ಕೆಳಗೆಲ್ಲ ‘ಸದರಿ, ಸದರಿ’ ಎಂದು ಬರೆದು, ಬದಲಾದದ್ದನ್ನಷ್ಟೇ ಪಕ್ಕದಲ್ಲಿ ಹಾಕಿರುತ್ತಾರೆ. ಹನ್ನೆರಡನೇ ಸಾಲು ಅರ್ಥವಾಗಬೇಕಾದರೆ ಮೊದಲ ಸಾಲಿನಿಂದ ಬೆರಳು ಇಟ್ಟುಕೊಂಡು ಬರಬೇಕು. ಈ ಫೈಲುಗಳೂ ಹಾಗೇ. ಪೂರ್ತಿ ಚಿತ್ರ ಅಲ್ಲೊಂದು ಇಲ್ಲೊಂದು ಮಾತ್ರ. ನಡುವಿನ ಫ್ರೇಮ್‌ಗಳಲ್ಲಿ ಇರುವುದು ಏನೇನು ಬದಲಾಯಿತು ಎಂಬ ಟಿಪ್ಪಣಿ ಅಷ್ಟೆ. ಸಿನಿಮಾ ನೋಡುವಾಗ ಮುಂದಕ್ಕೇ ಹೋಗುವುದರಿಂದ ತೊಂದರೆ ಇಲ್ಲ. ಎಡಿಟ್ ಮಾಡುವಾಗ ನೀವು ಹಿಂದಕ್ಕೆ ಎಳೆಯುತ್ತೀರಿ, ಮುಂದಕ್ಕೆ ಹಾರುತ್ತೀರಿ, ನಡುವೆ ಕತ್ತರಿಸುತ್ತೀರಿ. ಪ್ರತಿ ಸಲವೂ ಪ್ರೊಸೆಸರ್ ‘ಸದರಿ’ಗಳನ್ನು ಮೊದಲಿಂದ ಬಿಡಿಸಬೇಕು. ಅದೂ 4ಕೆ ಆದರೆ ಒಂದೊಂದು ಫ್ರೇಮ್‌ನಲ್ಲಿ 82,94,400 ಚುಕ್ಕಿಗಳು. 1080ಪಿಯ ನಾಲ್ಕರಷ್ಟು.

ಈ ಬಿಡಿಸುವ ಕೆಲಸವೇ ಡಿಕೋಡ್. ಇದನ್ನು ಮಾಡಲು ಚಿಪ್‌ನೊಳಗೆ ಬೇರೆಯೇ ಒಂದು ಸಣ್ಣ ಭಾಗ ಇರುತ್ತದೆ. ಗೇಮ್‌ನಲ್ಲಿ ಚಿತ್ರ ಬರೆಯುವ ಭಾಗಕ್ಕೂ ಇದಕ್ಕೂ ಸಂಬಂಧ ಕಡಿಮೆ. ಹಾಗಾಗಿ ದುಬಾರಿ ಕಾರ್ಡ್ ಹಾಕಿದರೂ, ನಿಮ್ಮ ಕ್ಯಾಮೆರಾದ ಫೈಲ್ ಬಿಡಿಸುವುದು ಆ ಸಣ್ಣ ಭಾಗಕ್ಕೆ ಗೊತ್ತಿಲ್ಲದಿದ್ದರೆ ಟೈಮ್‌ಲೈನ್ ತಡೆಯುತ್ತಲೇ ಇರುತ್ತದೆ.

ನಂಬಿಕೆ ಬರದಿದ್ದರೆ ಈಗಲೇ ನೋಡಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ಗೆ ಹೋಗಿ, ಜಿಪಿಯು (ಗ್ರಾಫಿಕ್ಸ್ ಚಿಪ್) ಒತ್ತಿ. ಅಲ್ಲಿ ‘ವಿಡಿಯೊ ಡಿಕೋಡ್’ ಎಂಬ ಗ್ರಾಫ್ ಇರುತ್ತದೆ. ಕಿಟಕಿಯನ್ನು ಪಕ್ಕಕ್ಕಿಟ್ಟು, ತಡೆಯುವ ಕ್ಲಿಪ್ ಅನ್ನೇ ಟೈಮ್‌ಲೈನ್‌ನಲ್ಲಿ ಓಡಿಸಿ. ಪ್ರೊಸೆಸರ್ 100ಕ್ಕೆ ಮುಟ್ಟಿದೆ, ವಿಡಿಯೊ ಡಿಕೋಡ್ ಗೆರೆ ನೆಲಕ್ಕಂಟಿಕೊಂಡು ಮಲಗಿದೆ ಅಂದರೆ ನಾನು ಹೇಳಿದ್ದೇ ಕಾಯಿಲೆ. ‘3ಡಿ’ ಗ್ರಾಫ್ ತುಂಬಿದ್ದರೆ ನೀವು ಹಾಕಿದ ಎಫೆಕ್ಟ್ ಜಾಸ್ತಿ ಆಗಿದೆ. ಆಗ ಮಾತ್ರ ಗ್ರಾಫಿಕ್ಸ್ ಕಾರ್ಡ್ ಮಾತಾಡೋಣ. ಡಿಸ್ಕ್ 100 ತೋರಿಸಿದರೆ ಡಿಸ್ಕ್ ಬದಲಿಸಿ. ಎರಡು ನಿಮಿಷದ ಕೆಲಸ. ಇದನ್ನು ಮಾಡದೆ ದುಡ್ಡು ಸುರಿದವರ ಸಂಖ್ಯೆ ನೆನೆದರೆ ಸಿಟ್ಟು ಬರುತ್ತದೆ.

ಮುಂದಿನದು ಫುಟೇಜ್ ಗುರುತು ಹಿಡಿಯುವುದು. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶ ಇದೆ. ಅದರಲ್ಲಿ ಕ್ಲಿಪ್ ತೆರೆದು ಮೂರು ಸಾಲು ಓದಿ: ಎಚ್.264 ಅಥವಾ ಎಚ್.265, 8 ಬಿಟ್ ಅಥವಾ 10 ಬಿಟ್ (ಒಂದೊಂದು ಬಣ್ಣಕ್ಕೆ ಎಷ್ಟು ಛಾಯೆ), 4:2:0 ಅಥವಾ 4:2:2 (ಬಣ್ಣದ ವಿವರ ಎಷ್ಟು ಉಳಿಸಿದೆ). (ಅಲ್ಲಿ ಎವಿಸಿ ಎಂದಿದ್ದರೆ ಅದು ಎಚ್.264, ಎಚ್‌ಇವಿಸಿ ಎಂದಿದ್ದರೆ ಎಚ್.265.) ಮೊಬೈಲ್‌ನದು ಸಾಮಾನ್ಯವಾಗಿ 4:2:0. ಅದನ್ನು ಈಚಿನ ಯಾವ ಚಿಪ್ ಆದರೂ ಬಿಡಿಸುತ್ತದೆ. ತಲೆನೋವು 10 ಬಿಟ್ 4:2:2ರದ್ದು. ಎಚ್.265ರಲ್ಲಿ ಅದನ್ನು ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ ಆರಾಮಾಗಿ ಬಿಡಿಸುತ್ತದೆ. ಎನ್‌ವಿಡಿಯಾ ಕಾರ್ಡ್‌ಗಳಿಗೆ ಇದು ಬಂದದ್ದು 2025ರ ಆರ್‌ಟಿಎಕ್ಸ್ 50 ಸಾಲಿನಲ್ಲಿ. ಅಂದರೆ ಇಂಥ ಫುಟೇಜ್‌ಗೆ ಆರ್‌ಟಿಎಕ್ಸ್ 3060 ಹಾಕಿ ಕೈಸುಟ್ಟುಕೊಂಡವರಿಗೆ, ಪ್ರೊಸೆಸರ್‌ನ ಒಳಗೇ ಇರುವ ಗ್ರಾಫಿಕ್ಸ್ ಆ ಕೆಲಸ ಮಾಡಿಕೊಡುತ್ತಿತ್ತು.

ಆದರೆ ಇಲ್ಲೇ ಒಂದು ಹಳ್ಳ ಇದೆ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ. ಐ5-12400ರಲ್ಲಿ ಇದೆ, 12400ಎಫ್‌ನಲ್ಲಿ ಇಲ್ಲ. ಚೂರು ಅಗ್ಗ ಎಂದು ಮಾರುವವರು ಎಫ್ ಕೊಡುತ್ತಾರೆ. ‘ಹೇಗಿದ್ದರೂ ಕಾರ್ಡ್ ಹಾಕ್ತೀರಲ್ಲ’ ಅನ್ನುತ್ತಾರೆ. ಬೇಡ ಅನ್ನಿ. ಬಜೆಟ್ ಸ್ವಲ್ಪ ಹಿಗ್ಗಿದರೆ ಐ5-12500 ನೋಡಿ. ವಿಡಿಯೊ ಬಿಡಿಸುವ ಭಾಗ 12400ರಲ್ಲಿ ಒಂದು, ಇದರಲ್ಲಿ ಎರಡು.

ಇನ್ನೊಂದು. ಮುಂದೆ ಎಂದಾದರೂ ಬೇರೆ ಕಾರ್ಡ್ ಹಾಕಿದರೆ ಕೆಲವು ಮದರ್‌ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ತಾವೇ ಆಫ್ ಮಾಡಿಬಿಡುತ್ತವೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್) ‘ಐಜಿಪಿಯು ಮಲ್ಟಿ ಮಾನಿಟರ್’ ಅಥವಾ ಅಂಥದ್ದೇ ಹೆಸರಿನ ಆಯ್ಕೆ ಹುಡುಕಿ ಆನ್ ಮಾಡಿ. ಕಾರ್ಡ್ ಹಾಕಿದ ಮೇಲೆ ಮೊದಲಿಗಿಂತ ನಿಧಾನವಾಯಿತು ಎಂದು ಬರೆದವರಿಗೆ ನಾನು ಮೊದಲು ನೋಡಲು ಹೇಳುವುದು ಇದನ್ನೇ.

ಎಚ್.264ರಲ್ಲೇ 10 ಬಿಟ್ 4:2:2 ಕೊಡುವ ಕ್ಯಾಮೆರಾಗಳೂ ಇವೆ. ಅದನ್ನು ಈ 12400, 12500ರ ಗ್ರಾಫಿಕ್ಸ್ ಕೂಡ ಬಿಡಿಸುವುದಿಲ್ಲ. ಅಲ್ಲಿಗೆ ಪ್ರಾಕ್ಸಿಯೇ ದಾರಿ. ನಿಜ ಹೇಳಬೇಕೆಂದರೆ ಬಜೆಟ್ ಇಲ್ಲದ ಎಲ್ಲರಿಗೂ ಅದೇ ದಾರಿ. ಮೂಲ ಕ್ಲಿಪ್‌ಗಳಿಗೆ ಚಿಕ್ಕ ನಕಲು ಮಾಡಿಕೊಳ್ಳುವುದು. ಆ ನಕಲಿನಲ್ಲಿ ಪ್ರತಿ ಫ್ರೇಮ್ ಪೂರ್ತಿ ಚಿತ್ರವಾಗಿಯೇ ಇರಬೇಕು, ‘ಸದರಿ’ ಇರಬಾರದು. ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಅಥವಾ ಪ್ರೊರೆಸ್ ಪ್ರಾಕ್ಸಿ ಅಂಥ ಫಾರ್ಮ್ಯಾಟ್‌ಗಳು. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಕ್ಲಿಪ್‌ಗಳನ್ನು ಆರಿಸಿ ರೈಟ್ ಕ್ಲಿಕ್ ಮಾಡಿದರೆ ಪ್ರಾಕ್ಸಿ ಮಾಡುವ ಆಯ್ಕೆ ಇದೆ. ಪ್ರೀಮಿಯರ್‌ನಲ್ಲೂ ಇದೆ, ಕೆಡೆನ್‌ಲೈವ್‌ನಲ್ಲೂ ಇದೆ. ರಾತ್ರಿ ಹಚ್ಚಿಟ್ಟು ಮಲಗಿ. ಬೆಳಿಗ್ಗೆ ಹಳೆಯ ಕಂಪ್ಯೂಟರ್ ಕೂಡ ಬೆಣ್ಣೆಯ ಹಾಗೆ ಓಡುತ್ತದೆ. ಕೊನೆಗೆ ಎಕ್ಸ್‌ಪೋರ್ಟ್ ಆಗುವಾಗ ಮೂಲ ಫೈಲೇ ಹೋಗುವಂತೆ ಇಡಿ. ಗುಣಮಟ್ಟ ಒಂದು ಎಳೆಯೂ ಕೆಡುವುದಿಲ್ಲ. 1080ಪಿ ಪ್ರಾಕ್ಸಿಗೆ ಒಂದು ಗಂಟೆಗೆ ಸುಮಾರು 20 ಜಿಬಿ ಜಾಗ ಬೇಕು, ಅಷ್ಟೇ ಖರ್ಚು.

‘ಪ್ಲೇಬ್ಯಾಕ್ ಕ್ವಾಲಿಟಿ ಕಾಲು ಭಾಗಕ್ಕೆ ಇಳಿಸಿದೆ, ಆದರೂ ತಡೆಯುತ್ತದೆ’ ಎನ್ನುವವರಿಗೆ: ಎಚ್.264 ಫೈಲ್‌ನಲ್ಲಿ ಮೊದಲು ಪೂರ್ತಿ ಫ್ರೇಮ್ ಬಿಡಿಸಿ, ಆಮೇಲೆ ಚಿಕ್ಕದು ಮಾಡುತ್ತದೆ. ಎಫೆಕ್ಟ್‌ಗಳ ಭಾರ ಇಳಿಯುತ್ತದೆ, ಬಿಡಿಸುವ ಭಾರ ಹಾಗೇ ಉಳಿಯುತ್ತದೆ.

ಈಗ ದುಡ್ಡಿನ ಹಂಚಿಕೆ. ಮೊದಲು ಪ್ರೊಸೆಸರ್. ಆಮೇಲೆ ರ‍್ಯಾಮ್, 16 ಜಿಬಿಯ ಎರಡು ಕಡ್ಡಿ. 32ರ ಒಂದೇ ಕಡ್ಡಿ ಬೇಡ, ಜೋಡಿಯಲ್ಲಿ ವೇಗ ಜಾಸ್ತಿ. ಅಷ್ಟಾಗದಿದ್ದರೆ 8ರ ಎರಡು ಹಾಕಿ, ನಾಲ್ಕು ಸ್ಲಾಟ್ ಇರುವ ಬೋರ್ಡ್ ತಗೊಳ್ಳಿ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಲು ಮರೆಯಬೇಡಿ. ಇಲ್ಲದಿದ್ದರೆ ಡಬ್ಬದ ಮೇಲೆ ಬರೆದ ವೇಗ ಡಬ್ಬದ ಮೇಲೇ ಉಳಿಯುತ್ತದೆ. ಮೂರನೆಯದು 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ. ಸೆಕೆಂಡಿಗೆ 7,000 ಎಂಬಿ ಓದುವ ದುಬಾರಿಯದು ಬೇಕಿಲ್ಲ. 100 ಮೆಗಾಬಿಟ್‌ನ ಕ್ಯಾಮೆರಾ ಫೈಲ್ ಕೇಳುವುದು ಸೆಕೆಂಡಿಗೆ ಬರೀ 12.5 ಎಂಬಿ. ಗಂಟೆಗೆ 45 ಜಿಬಿ. ಮುಗಿದ ಕೆಲಸ ಇಡಲು ಸಾದಾ ಹಾರ್ಡ್ ಡಿಸ್ಕ್ ಸಾಕು. ನಾಲ್ಕನೆಯದು ಒಳ್ಳೆಯ ಎಸ್‌ಎಂಪಿಎಸ್, ಅಂದರೆ ಎಲ್ಲ ಭಾಗಗಳಿಗೂ ಕರೆಂಟು ಕೊಡುವ ಡಬ್ಬ. ಇದರ ಮಾತು ಕೆಳಗಿದೆ. ಗ್ರಾಫಿಕ್ಸ್ ಕಾರ್ಡ್ ಕೊನೆಗೆ, ದುಡ್ಡು ಮಿಕ್ಕಿದರೆ. ಮಿಕ್ಕದಿದ್ದರೆ ಆರು ತಿಂಗಳು ಬಿಟ್ಟು ಹಾಕಿ.

ಒಂದು ವಿನಾಯಿತಿ ಒಪ್ಪುತ್ತೇನೆ. ರಿಸಾಲ್ವ್‌ನಲ್ಲಿ ಕಲರ್ ಗ್ರೇಡಿಂಗ್, ನಾಯ್ಸ್ ತೆಗೆಯುವುದು, ಫ್ಯೂಷನ್ (ಅದರೊಳಗಿನ ಎಫೆಕ್ಟ್ ವಿಭಾಗ) ಇದೇ ನಿಮ್ಮ ದಿನದ ಕೆಲಸವಾದರೆ ಕಾರ್ಡ್ ಮುಂದಕ್ಕೆ ಬರುತ್ತದೆ. 4ಕೆಗೆ 8 ಜಿಬಿ ಮೆಮೊರಿ ಇರುವುದನ್ನೇ ನೋಡಿ. 4 ಜಿಬಿ ಕಾರ್ಡ್ ‘ಜಿಪಿಯು ಮೆಮೊರಿ ತುಂಬಿದೆ’ ಎಂದು ಕೈ ಎತ್ತುತ್ತದೆ.

ಪ್ರಶ್ನೆ: ಕ್ಯಾಬಿನೆಟ್ ಜೊತೆಗೇ ಎಸ್‌ಎಂಪಿಎಸ್ ಸಿಗುತ್ತಿದೆ. ದುಡ್ಡು ಉಳಿಯುತ್ತದೆ ಅಲ್ವಾ?

ನನ್ನ ಮೊದಲ ಎಡಿಟಿಂಗ್ ಕಂಪ್ಯೂಟರ್‌ನಲ್ಲೂ ಹಾಗೇ ಉಳಿಸಿದ್ದೆ. ರೆಂಡರ್ ಮುಕ್ಕಾಲು ಮುಗಿದಿತ್ತು. ‘ಟಪ್’ ಅಂತ ಸದ್ದು, ಪ್ಲಾಸ್ಟಿಕ್ ಸುಟ್ಟ ವಾಸನೆ, ಕತ್ತಲು. ಎಸ್‌ಎಂಪಿಎಸ್ ಒಂದೇ ಹೋಗಿದ್ದರೆ ಬೇಜಾರಿರಲಿಲ್ಲ. ಹೋಗುವಾಗ ಮದರ್‌ಬೋರ್ಡನ್ನೂ ಎರಡು ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಡಿಸ್ಕ್‌ನಲ್ಲಿದ್ದ ಮೂರು ದಿನದ ಶೂಟಿಂಗ್‌ಗೆ ಬೇರೆ ನಕಲು ಇರಲಿಲ್ಲ. ಶೂಟ್ ಮಾಡಿಸಿದವರಿಗೆ ಫೋನ್ ಮಾಡಿ ಹೇಳಿದ ಆ ಐದು ನಿಮಿಷ ಈಗಲೂ ನೆನಪಿದೆ.

ಹಾಗಾಗಿ ಈ ವಿಷಯದಲ್ಲಿ ನಾನು ಅತಿಯಾಗಿಯೇ ಹೆದರುತ್ತೇನೆ, ಹಾಗೇ ತಿಳಿದುಕೊಂಡು ಓದಿ. ‘80 ಪ್ಲಸ್’ ಮುದ್ರೆ ಇದ್ದ ಮಾತ್ರಕ್ಕೆ ಸುರಕ್ಷಿತ ಅಲ್ಲ. ಒಳಗೆ ಹೋದ ಕರೆಂಟಿನಲ್ಲಿ ಎಷ್ಟು ವ್ಯರ್ಥವಾಗದೆ ಹೊರಗೆ ಬರುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಹೆಸರಿರುವ ಕಂಪನಿಯದು, ಐದು ವರ್ಷಕ್ಕೆ ಕಡಿಮೆಯಿಲ್ಲದ ವಾರಂಟಿ ಇರುವುದು ತಗೊಳ್ಳಿ. ನಾನಂತೂ ಕೈಯಲ್ಲಿ ಎತ್ತಿ ತೂಕ ನೋಡದೆ ಕೊಳ್ಳುವುದಿಲ್ಲ. ಅದು ಶಾಸ್ತ್ರವಲ್ಲ, ಗೊತ್ತು. ಹಗುರ ಇದ್ದರೆ ವಾಪಸ್ ಇಟ್ಟುಬಿಡುತ್ತೇನೆ.

ಪ್ರಶ್ನೆ: ಹಳೆಯ ಸರ್ವರ್‌ನ ಜಿಯಾನ್ ಪ್ರೊಸೆಸರ್ ಅಗ್ಗಕ್ಕೆ ಸಿಗುತ್ತದೆ, ಕೋರ್ ಕೂಡ ಜಾಸ್ತಿ. ತಗೊಳ್ಳಲಾ?

2014ರ ಸುಮಾರಿನ ಜಿಯಾನ್ ಇ5 ಬಗ್ಗೆ ಕೇಳುತ್ತಿದ್ದೀರಿ ಅನ್ನಿಸುತ್ತದೆ. ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಕೋರ್ ಎಷ್ಟಿದ್ದರೇನು, ಒಂದೊಂದೂ ನಿಧಾನ. ಕರೆಂಟು ಕುಡಿಯುತ್ತದೆ. ಇದನ್ನು ‘ಬಡವರ ವರ್ಕ್‌ಸ್ಟೇಷನ್’ ಎಂದು ಮಾರುವವರು ವಿಡಿಯೊದಲ್ಲಿ ತೋರಿಸುವುದು ಬೆಂಚ್‌ಮಾರ್ಕ್ ಅಂಕ, ಟೈಮ್‌ಲೈನ್ ಅಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಸಾಮಾನು ತಗೊಳ್ಳಬಹುದಾ?

ಪ್ರೊಸೆಸರ್, ರ‍್ಯಾಮ್, ಮಾನಿಟರ್ ಆಗಬಹುದು. ಹಾರ್ಡ್ ಡಿಸ್ಕ್ ಮತ್ತು ಎಸ್‌ಎಂಪಿಎಸ್, ಯಾರಾದರೂ ಉಚಿತವಾಗಿ ಕೊಟ್ಟರೂ ನಾನು ಹಾಕುವುದಿಲ್ಲ.

ಪ್ರಶ್ನೆ: ಎಡಿಟಿಂಗ್‌ಗೆ ಮ್ಯಾಕ್ ಬೇಕೇಬೇಕಾ?

ಬೇಕಿಲ್ಲ. ಆದರೆ 2020ರ ಎಂ1 ಮ್ಯಾಕ್ ಮಿನಿ ಸೆಕೆಂಡ್ ಹ್ಯಾಂಡ್ ಚೆನ್ನಾಗಿರುವುದು ಸಿಕ್ಕರೆ ಮೂಗು ಮುರಿಯಬೇಡಿ. ಎಚ್.265 ಸಲೀಸಾಗಿ ಓಡಿಸುತ್ತದೆ. 8 ಜಿಬಿಯದು ಬೇಡ, 16ರದ್ದು ನೋಡಿ. ಆಮೇಲೆ ರ‍್ಯಾಮ್ ಹಾಕಲು ಬರುವುದಿಲ್ಲ.

ಪ್ರಶ್ನೆ: ಲಿನಕ್ಸ್ ಹಾಕಿ ರಿಸಾಲ್ವ್‌ನ ಉಚಿತ ಆವೃತ್ತಿ ಬಳಸಿದರೆ ಎಲ್ಲ ಖರ್ಚೂ ಉಳಿಯುತ್ತದಲ್ಲ?

ಲಿನಕ್ಸ್‌ನ ಉಚಿತ ರಿಸಾಲ್ವ್ ಎಚ್.264 ಕ್ಲಿಪ್ ತೆರೆಯುವುದಿಲ್ಲ. ಎಲ್ಲವನ್ನೂ ಮೊದಲೇ ಬೇರೆ ಫಾರ್ಮ್ಯಾಟ್‌ಗೆ ತಿರುಗಿಸುವ ತಾಳ್ಮೆ ಇದ್ದರೆ ಸರಿ, ಇಲ್ಲದಿದ್ದರೆ ಕೆಡೆನ್‌ಲೈವ್.

ಪ್ರಶ್ನೆ: ಮೊಬೈಲ್ ವಿಡಿಯೊದಲ್ಲಿ ಸ್ವಲ್ಪ ಹೊತ್ತಾದ ಮೇಲೆ ತುಟಿಗೂ ಮಾತಿಗೂ ತಾಳೆ ಆಗುವುದಿಲ್ಲ. ರ‍್ಯಾಮ್ ಕಡಿಮೆಯಾ?

ರ‍್ಯಾಮ್ ಪಾಪ, ಅದನ್ನು ಬಿಡಿ. ಎಷ್ಟೋ ಮೊಬೈಲ್‌ಗಳು ಫ್ರೇಮ್ ರೇಟ್ ಅನ್ನು ನಡುನಡುವೆ ಏರಿಳಿಸುತ್ತವೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆಯ್ದು ತಿರುಗಿಸಿ, ಆಮೇಲೆ ಟೈಮ್‌ಲೈನ್‌ಗೆ ತನ್ನಿ.

ಪ್ರಶ್ನೆ: ರ‍್ಯಾಮ್ ಬೂಸ್ಟರ್ ತಂತ್ರಾಂಶ? ಯಾರೋ ‘ಸ್ಪೀಡ್ ಮಾಡಿ’ ಕೊಡುವ ವಿಂಡೋಸ್?

ಬೇಡ. ಬೇಡ.

ಪ್ರಶ್ನೆ: ಬಣ್ಣ ಬದಲಾಗುವ ಲೈಟ್ ಇರುವ ಫ್ಯಾನ್ ಹಾಕಿಸಲಾ?

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಆ ದುಡ್ಡಿಗೆ ಹಾರ್ಡ್ ಡಿಸ್ಕ್ ತಗೊಂಡು ಫುಟೇಜ್‌ನ ಎರಡನೇ ನಕಲು ಇಡಿ.

ಪ್ರಶ್ನೆ: ಅದೆಲ್ಲ ಇರಲಿ, ಯಾವ ಯಾವ ಪಾರ್ಟ್ ಅಂತ ಪೂರ್ತಿ ಪಟ್ಟಿ ಬರೆದು ಕೊಟ್ಟುಬಿಡಿ.

ಮೀಡಿಯಾಇನ್ಫೊದಲ್ಲಿ ಕಂಡ ಆ ಮೂರು ಸಾಲು ಕಳಿಸಿ. ಆಮೇಲೆ ನೋಡೋಣ.