ಹಾರದಂಥ ಸಂಖ್ಯೆ

ಸೇಡಂನಿಂದ ಬಂದ ಪತ್ರ: "ಅಡತ್ ಅಂಗಡಿಯಾಗ ಲೆಕ್ಕ ಬರಿತೀನ್ರೀ. ಒಂಬತ್ತನೇ ತರಗತಿ ಓದೋ ಮಗಳು 12345654321 ಬರಕೊಂಡು ಬಂದು, ಇದು ಅವಿಭಾಜ್ಯ ಏನು ಅಂತ ಕೇಳಿದಳು. ಎರಡು, ಐದು, ಹದಿನೇಳು, ಹತ್ತೊಂಬತ್ತು, ಯಾವುದರಿಂದಲೂ ಹೋಗಲಿಲ್ಲ. ಅವಿಭಾಜ್ಯನೇ ಇರಬೇಕು ಅಂದೆ. ಸರಿ ಅದೇನ್ರೀ? ಇದು 111111ರ ವರ್ಗ ಅಂತಾಳ ಆಕಿ. ಒಂದುಗಳು ಎಷ್ಟಾದರೂ ಹಿಂಗೇ ಏರಿ ಇಳಿತದೇನು?"

ಶರಣು. ನಿಮ್ಮ ಉತ್ತರ ತಪ್ಪಿದೆ, ಮಗಳ ಮಾತು ಸರಿ ಇದೆ. ಒಂದು ಸಂಖ್ಯೆಯ ವರ್ಗ ಎಂದಮೇಲೆ ಅದು ಅವಿಭಾಜ್ಯ ಆಗುವುದು ಸಾಧ್ಯವೇ ಇಲ್ಲ. ನೀವು ಮೂರರಿಂದ ಭಾಗಿಸಿ ನೋಡಿದ್ದರೆ ಅಲ್ಲೇ ತಿಳಿಯುತ್ತಿತ್ತು: ಅಂಕಿಗಳನ್ನು ಕೂಡಿಸಿದರೆ 36, ಆ ಮೊತ್ತ ಮೂರರಿಂದ ಹೋದರೆ ಸಂಖ್ಯೆಯೂ ಹೋಗುತ್ತದೆ.

1,234 ಕೋಟಿ 56 ಲಕ್ಷ 54 ಸಾವಿರದ 321ನ್ನು ಒಡೆಯಲು ಕ್ಯಾಲ್ಕುಲೇಟರ್ ಬೇಡ. 111111 ಎಂದರೆ 111ನ್ನು 1001ರಿಂದ ಗುಣಿಸಿದ್ದು. 111 ಎಂದರೆ 3×37. 1001 ಎಂದರೆ 7×11×13. ಐದೇ ಅವಿಭಾಜ್ಯಗಳು, ವರ್ಗದಲ್ಲಿ ಪ್ರತಿಯೊಂದೂ ಎರಡೆರಡು ಸಲ. ಒಂದೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಹಾಗಾಗಿ ಭಾಜಕಗಳು 3×3×3×3×3, ಅಂದರೆ 243. ಯಾವುದರಿಂದಲೂ ಹೋಗದು ಎಂದುಕೊಂಡ ಸಂಖ್ಯೆಗೆ ಇಷ್ಟು!

ಈ ಪತ್ರ ಸೇಡಂನಿಂದ ಬಂತೆಂದು ನನಗೆ ವಿಶೇಷ ಸಂತೋಷ. ನಿಮ್ಮ ತಾಲ್ಲೂಕಿನಲ್ಲೇ, ಕಾಗಿಣಾ ದಂಡೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ರಾಜಧಾನಿ ಇತ್ತು. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ನೃಪತುಂಗನ ಸ್ತುತಿ ಅದರ ಆರಂಭದಲ್ಲೇ ಇದೆ. ಗುಣಾಕಾರ ಕಲಿಸುವಾಗ ಆತ ಕೊಡುವ ಲೆಕ್ಕಗಳಲ್ಲಿ ಒಂದು 27994681×441. ಉತ್ತರ ನಿಮ್ಮ ಮಗಳು ಬರೆದುಕೊಂಡು ಬಂದ ಸಂಖ್ಯೆಯೇ. ಎರಡೂ ಕಡೆಯಿಂದ ಒಂದೇ ತೆರನಾಗಿ ಓದಿಸಿಕೊಳ್ಳುವ ಇಂಥ ಗುಣಲಬ್ಧಗಳನ್ನು ಆತ ಕೊರಳ ಹಾರಕ್ಕೆ ಹೋಲಿಸುತ್ತಾನೆ. 152207×73 ಮಾಡಿ ನೋಡಿ, ಎಂಟು ಒಂದುಗಳ ಸರ ಬರುತ್ತದೆ.

ಆ 441ನ್ನು ಸುಮ್ಮನೆ ಆರಿಸಿದ್ದಲ್ಲ ಎಂದೇ ನನ್ನ ನಂಬಿಕೆ. ಅದು 21ರ ವರ್ಗ, ಅಂದರೆ 3 ಮತ್ತು 7ರ ಪಾಲು. ಉಳಿದ 11, 13, 37ನ್ನು ಗುಣಿಸಿದರೆ 5291, ಅದರ ವರ್ಗವೇ 27994681. ಹಾರವನ್ನು ಎರಡು ಪೂರ್ಣವರ್ಗಗಳಾಗಿ ಬಿಡಿಸಿಟ್ಟಿದ್ದಾನೆ. ಇದನ್ನು ಕಾಗದದ ಮೇಲೆ ಮೊದಲ ಸಲ ಮಾಡಿ ನೋಡಿದ ದಿನ ನನಗೆ ಬೇರೆ ಕೆಲಸ ಸಾಗಲಿಲ್ಲ.

ಇನ್ನು ಮಗಳ ಎರಡನೇ ಪ್ರಶ್ನೆ. 111111ನ್ನು ಅದರಿಂದಲೇ ಗುಣಿಸುವಾಗ ಒಂದುಗಳ ಆರು ಸಾಲು ಬರುತ್ತವೆ, ಪ್ರತಿ ಸಾಲೂ ಒಂದು ಮನೆ ಎಡಕ್ಕೆ. ಮನೆಮನೆಯಾಗಿ ಕೂಡಿಸಿದರೆ ಅಂಚಿನಲ್ಲಿ ಒಂದು, ನಡುವೆ ಆರು. ಒಂಬತ್ತು ಒಂದುಗಳವರೆಗೂ ಇದೇ ಚಂದ. ಹತ್ತಾದಾಗ ನಡುವಿನ ಮನೆಯಲ್ಲಿ 10 ಕೂಡುತ್ತದೆ, ಸೊನ್ನೆ ಉಳಿದು ಒಂದು ದಶಕ ಎಡಕ್ಕೆ ಹೋಗುತ್ತದೆ. ಅಲ್ಲಿದ್ದ 9 ಕೂಡ 10 ಆಗಿ ಮತ್ತೊಂದು ದಶಕ ದಾಟಿಸುತ್ತದೆ, ಅದರಾಚೆಯ 8 ಹೋಗಿ 9 ಆಗುತ್ತದೆ. ಸಿಗುವುದು 1234567900987654321: ಏರುವಾಗ 8 ಕಾಣೆ, ಇಳಿಯುವಾಗ ಇದೆ. ಆಕೆ ಮೊದಲು ಹತ್ತು ಸಾಲು ಬರೆದು ತಾನೇ ಕೂಡಿಸಲಿ, ಈ ಉತ್ತರವನ್ನು ಆಮೇಲೆ ತೋರಿಸಿ.

— ಸಂಪಾದಕ, ಕಲಬುರಗಿ