ಸ್ಟ್ರಾಚ್ಚಿಯ ಊಟದ ಪೊಟ್ಟಣ

(ಇಟಲಿಯ ನಿರ್ದೇಶಕ ಪಿಯೆರ್ ಪಾವೊಲೊ ಪಾಸೊಲಿನಿಯ ‘ಲಾ ರಿಕೊಟ್ಟಾ’ ಚಿತ್ರದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳುವ ಓದುಗರೊಬ್ಬರು ಬರೆದಿದ್ದಾರೆ: “ಯೇಸುವಿನ ಮರಣದ ಶೂಟಿಂಗ್‌ನಲ್ಲಿ ಒಬ್ಬ ಮಿತಿಮೀರಿ ತಿಂದು ಶಿಲುಬೆಯ ಮೇಲೇ ಸಾಯುತ್ತಾನೆ. ಯಾರು ಸರಿ, ಯಾರು ತಪ್ಪು ಅಂತ ಚಿತ್ರ ಹೇಳುವುದಿಲ್ಲ. ನಿಮ್ಮ ಲೇಖನವೂ ಹೇಳುವುದಿಲ್ಲ. ನಂಬಿಕೆಯ ವಿಷಯದಲ್ಲಿ ಹೀಗೆ ಎರಡು ದೋಣಿಯಲ್ಲಿ ಕಾಲಿಡಬಹುದಾ? ಆಮೇಲೆ ಅವರೇ ಸುವಾರ್ತೆಯ ಸಿನಿಮಾ ಮಾಡಿ ಪ್ರಾಯಶ್ಚಿತ್ತ ಮಾಡಿಕೊಂಡರಲ್ಲ!”)

ನಮಸ್ಕಾರ ಮೇಡಂ,

ನಿಮ್ಮ ಪತ್ರ ಓದಿದ ರಾತ್ರಿಯೇ ಚಿತ್ರವನ್ನು ಮತ್ತೆ ಹಾಕಿಕೊಂಡು ನೋಡಿದೆ. ಸುಮಾರು 35 ನಿಮಿಷದ್ದು. ನೀವು ಕೋಪದಲ್ಲಿ ಬರೆದಿಲ್ಲ, ನೋವಿನಲ್ಲಿ ಬರೆದಿದ್ದೀರಿ. ಹಾಗಾಗಿ ನಾಲ್ಕು ಸಾಲಿನಲ್ಲಿ ಮುಗಿಸಲು ಮನಸ್ಸು ಬರಲಿಲ್ಲ.

ಮೊದಲು ಆ ಊಟದ ಪೊಟ್ಟಣದ ವಿಷಯ. ರೋಮ್ ನಗರದ ಹೊರಗೆ ಒಂದು ಬಯಲು. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ, ಸಾಯುವ ಮುಂಚೆ ಪಶ್ಚಾತ್ತಾಪಪಟ್ಟ ‘ಒಳ್ಳೆಯ ಕಳ್ಳ’ನ ಪಾತ್ರ ಸ್ಟ್ರಾಚ್ಚಿಯದು. ಬಡವ. ಮಧ್ಯಾಹ್ನ ಕಂಪನಿಯವರು ಕೊಟ್ಟ ಪೊಟ್ಟಣವನ್ನು ಅಲ್ಲಿಗೇ ಬಂದಿದ್ದ ಹೆಂಡತಿ ಮಕ್ಕಳ ಕೈಗಿಡುತ್ತಾನೆ. ಅವರು ಹುಲ್ಲಿನ ಮೇಲೆ ಕೂತು ತಿನ್ನುತ್ತಾರೆ. ಇವನ ಹೊಟ್ಟೆ ಖಾಲಿ. ಹೆಣ್ಣಿನ ವೇಷ ಹಾಕಿ, ಕೂದಲಿನ ಟೋಪನ್ ಇಟ್ಟುಕೊಂಡು ಇನ್ನೊಂದು ಪೊಟ್ಟಣ ಗಿಟ್ಟಿಸುತ್ತಾನೆ. ಅದನ್ನು ನಾಯಕಿಯ ಮುದ್ದಿನ ನಾಯಿ ತಿಂದುಬಿಡುತ್ತದೆ. ಅವನು ಅಳುತ್ತಾನೆ. ಆಮೇಲೆ ಆ ನಾಯಿಯನ್ನೇ ಒಬ್ಬ ಪತ್ರಕರ್ತನಿಗೆ ಸಾವಿರ ಲಿರಾಗೆ ಮಾರಿ, ರಿಕೊಟ್ಟಾ ತರಲು ಓಡುತ್ತಾನೆ. ರಿಕೊಟ್ಟಾ ಅಂದರೆ ನಮ್ಮ ಮೆತ್ತನೆಯ ಪನೀರಿನ ಹಾಗಿರುತ್ತದೆ.

ಇಲ್ಲಿ ಲೆಕ್ಕ ಹಾಕೋಣ. ವೇಷ ಹಾಕಿ ಮೋಸ ಮಾಡಿದ. ತನ್ನದಲ್ಲದ ನಾಯಿ ಮಾರಿದ. ನಿಮ್ಮ ಪಾಠದ ಪ್ರಕಾರ ತಪ್ಪೇ, ನನ್ನ ಪ್ರಕಾರವೂ ತಪ್ಪೇ. ಆದರೆ ಅದಕ್ಕೂ ಮೊದಲು ತನ್ನ ಪಾಲಿನ ಅನ್ನವನ್ನು ಮಕ್ಕಳಿಗೆ ಕೊಟ್ಟವನೂ ಇವನೇ ಅಲ್ವಾ?

ಅವನು ಓಡುವಾಗ ಚಿತ್ರದ ವೇಗ ಜಾಸ್ತಿಯಾಗುತ್ತದೆ, ಹಳೇ ಮೂಕಿ ಚಿತ್ರಗಳ ಹಾಗೆ. ಮೊದಲ ಸಲ ನೋಡಿದಾಗ ನಾನು ಜೋರಾಗಿ ನಕ್ಕಿದ್ದೆ. ಮುಂದೆ ಅವನು ಗುಹೆಯೊಂದರಲ್ಲಿ ಕೂತು ಗಬಗಬ ತಿನ್ನುವಾಗ ಯೂನಿಟ್‌ನವರೆಲ್ಲ ಬಂದು ನಿಲ್ಲುತ್ತಾರೆ. ಯೇಸುವಿನ ಕಡೇ ಭೋಜನದ ದೃಶ್ಯಕ್ಕೆ ಇಟ್ಟಿದ್ದ ತಿಂಡಿಗಳನ್ನು ತಂದು ತಂದು ಕೊಡುತ್ತಾರೆ. ಇನ್ನೂ ತಿನ್ನು ಅಂತ ನಗುತ್ತಾರೆ. ಆಗ ನನ್ನ ನಗು ಗಂಟಲಲ್ಲೇ ನಿಂತಿತು. ಅಷ್ಟು ಹೊತ್ತು ನಾನೂ ಆ ಗುಂಪಿನಲ್ಲೇ ನಿಂತಿದ್ದೆ. ಚಿತ್ರ ‘ಇವರು ಕೆಟ್ಟವರು’ ಅಂತ ಮೊದಲೇ ಹೇಳಿಬಿಟ್ಟಿದ್ದರೆ ನಾನು ಆರಾಮಾಗಿ ದೂರ ಕೂತು ಅವರನ್ನು ಬೈಯುತ್ತಿದ್ದೆ. ನೀವು ಕೇಳಿದ ತೀರ್ಪನ್ನು ಚಿತ್ರ ಕೊಡದೇ ಇರುವುದು ಇದಕ್ಕೇ ಅಂತ ನನಗನ್ನಿಸುತ್ತದೆ.

ಇದು ಯಾಕೆ ಇಷ್ಟು ತಾಗಿತು ಅಂತಲೂ ಹೇಳಿಬಿಡುತ್ತೇನೆ. ಇಪ್ಪತ್ತರ ವಯಸ್ಸಿನಲ್ಲಿ ಒಂದು ಶೂಟಿಂಗ್ ನೋಡಲು ಹೋಗಿದ್ದೆ. ಪರಿಚಯದವರಿದ್ದರು ಅಂತ ಊಟದ ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಸೈನಿಕರ ವೇಷದ ಜೂನಿಯರ್ ಆರ್ಟಿಸ್ಟ್‌ಗಳು ಬಿಸಿಲಲ್ಲಿ ಕಾಯುತ್ತಿದ್ದರು. ಅವರ ಸರದಿ ಬರುವಾಗ ಪಲ್ಯ, ಸಾರು ಎರಡೂ ಮುಗಿದಿತ್ತು. ಅನ್ನ ಮಜ್ಜಿಗೆ ಉಂಡು ಎದ್ದರು. ನಾನು ಪಾಯಸ ಎರಡನೇ ಸಲ ಹಾಕಿಸಿಕೊಂಡಿದ್ದೆ.

ಇನ್ನು ಚಿತ್ರದೊಳಗಿನ ನಿರ್ದೇಶಕ. ಅಮೆರಿಕದ ನಟ, ನಿರ್ದೇಶಕ ಆರ್ಸನ್ ವೆಲ್ಸ್ ಮಾಡಿದ ಪಾತ್ರ. ಯೇಸುವಿನ ದೇಹವನ್ನು ಶಿಲುಬೆಯಿಂದ ಇಳಿಸುವ ದೃಶ್ಯವನ್ನು ಅವನು ಪಾಂಟೋರ್ಮೊ, ರೊಸ್ಸೊ ಫಿಯೊರೆಂಟಿನೊ ಅವರ ವರ್ಣಚಿತ್ರಗಳ ಹಾಗೇ ನಿಲ್ಲಿಸುತ್ತಾನೆ. ಕಪ್ಪು ಬಿಳುಪಿನ ಚಿತ್ರ ಅಲ್ಲಿ ಬಣ್ಣಕ್ಕೆ ತಿರುಗುತ್ತದೆ. ಈ ಸಿನಿಮಾದಲ್ಲಿ ಏನು ಹೇಳಲು ಹೊರಟಿದ್ದೀರಿ ಅಂತ ಪತ್ರಕರ್ತ ಕೇಳಿದರೆ, ತನ್ನ ಆಳದ, ಪುರಾತನ ಕ್ಯಾಥೊಲಿಕ್ ನಂಬಿಕೆಯನ್ನು ಅನ್ನುತ್ತಾನೆ. ಸುಳ್ಳಾ? ಹತ್ತು ಸಲ ನೋಡಿದರೂ ನನಗೆ ತೀರ್ಮಾನಕ್ಕೆ ಬರಲಾಗಿಲ್ಲ. ಆ ದೃಶ್ಯಗಳು ನಿಜವಾಗಿಯೂ ಅಷ್ಟು ಚೆನ್ನಾಗಿವೆ. ಅಷ್ಟು ಚೆಂದ ಕಾಣುವ ಕಣ್ಣಿಗೆ ಪಕ್ಕದಲ್ಲೇ ಹಸಿದವನು ಕಾಣುವುದಿಲ್ಲ. ಪಾಸೊಲಿನಿ ಈ ಪಾತ್ರದ ಕೈಯಲ್ಲಿ ತಮ್ಮದೇ ಕವಿತೆ ಓದಿಸಿದ್ದಾರೆ. ಅಂದರೆ ಬೆರಳು ತಮ್ಮ ಕಡೆಗೂ ತೋರಿಸಿಕೊಂಡಿದ್ದಾರೆ.

ಒಂದು ವಿಷಯದಲ್ಲಿ ನಿಮ್ಮ ನೋವು ಸರಿ. ಬಿಡುವಿನಲ್ಲಿ ನಟಿಯೊಬ್ಬಳು ಬಟ್ಟೆ ಕಳಚುತ್ತಾ ಕುಣಿಯುವ ಭಾಗ ನನಗೂ ಇಷ್ಟವಾಗುವುದಿಲ್ಲ. ಶಿಲುಬೆಗೆ ಕೈ ಮುಗಿಯುವವರಿಗೆ ನೋಯುತ್ತದೆ. ಹಾಗಂತ 1963ರಲ್ಲಿ ರೋಮ್‌ನ ನ್ಯಾಯಾಲಯ ಧರ್ಮನಿಂದನೆ ಅಂತ ಪಾಸೊಲಿನಿಗೆ ನಾಲ್ಕು ತಿಂಗಳ ಶಿಕ್ಷೆ ಹಾಕಿದ್ದನ್ನು ಒಪ್ಪಲಾರೆ. ಮರುವರ್ಷ ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ. ಯೇಸುವಿನ ಯಾತನೆಯ ಕಥೆಗಿಂತ ದೊಡ್ಡದು ತನಗೆ ಗೊತ್ತಿಲ್ಲ ಅಂತ ಅವರು ಚಿತ್ರದ ಶುರುವಿನಲ್ಲೇ ಹೇಳಿದ್ದಾರೆ. ಅದನ್ನು ನಾನು ನಂಬುತ್ತೇನೆ.

ಪ್ರಾಯಶ್ಚಿತ್ತದ ಮಾತು ಮಾತ್ರ ಒಪ್ಪಲಾರೆ. 1962ರ ಅಕ್ಟೋಬರ್‌ನಲ್ಲಿ ಪಾಸೊಲಿನಿ ಇಟಲಿಯ ಅಸಿಸ್ಸಿ ಊರಿಗೆ ಹೋಗಿದ್ದರು. ಪೋಪ್ 23ನೇ ಜಾನ್ ಬಂದಿದ್ದರಿಂದ ಊರೆಲ್ಲ ಜನವೋ ಜನ. ಕೋಣೆಯಲ್ಲೇ ಕೂತು ಸುವಾರ್ತೆ ಓದಿದರು. ಮತ್ತಾಯನ ಸುವಾರ್ತೆಯ ಚಿತ್ರ ಮೊಳೆತದ್ದು ಅಲ್ಲಿ. ‘ಲಾ ರಿಕೊಟ್ಟಾ’ ತೆಗೆದದ್ದೂ ಅದೇ ಶರತ್ಕಾಲದಲ್ಲಿ. ಶಿಕ್ಷೆ ಬಿದ್ದದ್ದು ಆಮೇಲೆ. ಎರಡೂ ಚಿತ್ರ ಒಂದೇ ಮನಸ್ಸಿನೊಳಗೆ ಒಟ್ಟಿಗೆ ಇದ್ದವು. 1964ರಲ್ಲಿ ಬಂದ ಆ ಚಿತ್ರವನ್ನು ತೀರಿಹೋಗಿದ್ದ ಅದೇ ಪೋಪ್ ಅವರ ನೆನಪಿಗೆ ಅರ್ಪಿಸಿದರು.

ಕೊನೆಗೆ ಸ್ಟ್ರಾಚ್ಚಿ ಶಿಲುಬೆಯ ಮೇಲೆ. ಕೆಳಗೆ ನಿರ್ಮಾಪಕರು, ಅತಿಥಿಗಳು. ಅವನಿಗೆ ಇರುವುದು ಒಂದೇ ಮಾತು: ನಿನ್ನ ರಾಜ್ಯದಲ್ಲಿ ನನ್ನನ್ನು ನೆನಪಿಟ್ಟುಕೋ. ಆ್ಯಕ್ಷನ್ ಅನ್ನುತ್ತಾರೆ. ಉತ್ತರವಿಲ್ಲ. ಮತ್ತೆ ಕೂಗುತ್ತಾರೆ. ಅವನು ಸತ್ತಿದ್ದಾನೆ.

ಸ್ಟ್ರಾಚ್ಚಿ ಅಂದರೆ ಇಟಾಲಿಯನ್‌ನಲ್ಲಿ ಚಿಂದಿ ಬಟ್ಟೆ. ಸುವಾರ್ತೆಯಲ್ಲಿ ಆ ಕಳ್ಳನಿಗೆ ಹೆಸರೇ ಇಲ್ಲ. ನಿಮ್ಮ ತರಗತಿಯಲ್ಲಿ ಯಾವ ಮಗುವಾದರೂ ಅವನ ಹೆಸರೇನು, ಅವನು ಏನು ಕದ್ದಿದ್ದ, ಯಾಕೆ ಕದ್ದಿದ್ದ ಅಂತ ಕೇಳಿದ್ದುಂಟಾ? ಕೇಳಿದ್ದರೆ ನೀವು ಏನು ಹೇಳಿದಿರಿ? ದಯವಿಟ್ಟು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

– ಸಂಪಾದಕ